ಲಿಪಿಡ್ ರಿಪೋರ್ಟ್ ಕೈಗೆ ಬಂದರೆ ಎಲ್‌ಡಿಎಲ್ ಒಂದನ್ನೇ ನೋಡಬೇಡಿ

ನಮ್ಮ ಭಾವ ಇರುವುದು ಡೊಂಬಿವಲಿಯಲ್ಲಿ. ವಯಸ್ಸು 44. ಹೋದ ತಿಂಗಳು ರಕ್ತದ ಕೊಬ್ಬಿನ (ಲಿಪಿಡ್) ರಿಪೋರ್ಟ್ ಕಳಿಸಿ "ಎಲ್ಲ ನಾರ್ಮಲ್" ಅಂದರು. ಒಟ್ಟು ಕೊಲೆಸ್ಟ್ರಾಲ್ 178, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 94, ಸರಿಯೇ. ಆದರೆ ಕೆಳಗಿನ ಸಾಲಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಬರೀ 32, ರಕ್ತದಲ್ಲಿನ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ಏರಿ 260! ನನಗೆ ಎದೆ ಧಸಕ್ಕೆಂದಿತು.

ನಮ್ಮವರಲ್ಲಿ ಇದು ತುಂಬಾ ಸಾಮಾನ್ಯ. ಯುರೋಪಿನ ಬಿಳಿಯರಿಗೆ ಹೋಲಿಸಿದರೆ ದಕ್ಷಿಣ ಏಷ್ಯಾದವರಿಗೆ ಎಲ್‌ಡಿಎಲ್ ಹೆಚ್ಚೇನೂ ಇರುವುದಿಲ್ಲ, ಆದರೆ ಟ್ರೈಗ್ಲಿಸರೈಡ್ ಜಾಸ್ತಿ, ಒಳ್ಳೆಯ ಎಚ್‌ಡಿಎಲ್ ಕಡಿಮೆ, ಎಲ್‌ಡಿಎಲ್ ಕಣಗಳೂ ಚಿಕ್ಕವು, ದಟ್ಟವಾದವು. ಆಫ್ರಿಕಾ ಮೂಲದವರಲ್ಲಿ ಇದು ಉಲ್ಟಾ: ಟ್ರೈಗ್ಲಿಸರೈಡ್ ಕಡಿಮೆ, ಕಾಟ ಕೊಡುವುದು ಬಿಪಿ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ಕಡೆಯವರಿಗೆ ಮೊದಲ ಹೃದಯಾಘಾತ ಆಗಿದ್ದು ಸುಮಾರು 53ಕ್ಕೆ, ಉಳಿದವರಿಗೆ 59ರ ಹತ್ತಿರ.

ಹಾಗಾಗಿ ಒಂದು ಸಣ್ಣ ಲೆಕ್ಕ ಮಾಡಿ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಭಾವನದು 178ರಲ್ಲಿ 32 ಹೋದರೆ 146. ಇದು 130ರ ಒಳಗಿರಬೇಕು, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇದ್ದವರಿಗೆ ಇನ್ನೂ ಕಡಿಮೆ. ಎಲ್‌ಡಿಎಲ್ ಮುಚ್ಚಿಟ್ಟಿದ್ದನ್ನು ಈ ಒಂದು ಕಳೆಯುವ ಲೆಕ್ಕ ಹೊರಗೆ ಹಾಕುತ್ತದೆ.

ಆಮೇಲೆ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಪ್ಯಾಂಟಿನ ಸೈಜ್ ನಂಬಬೇಡಿ, ಅದು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ ಅಲ್ವಾ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಯುರೋಪಿನ ಗಂಡಸರಿಗೆ 94ರವರೆಗೆ ಬಿಡುತ್ತಾರೆ.

ಟ್ರೈಗ್ಲಿಸರೈಡ್ ಇಳಿಸಲು ಸುಮ್ನೆ ಎಣ್ಣೆ ಬಿಟ್ಟರೆ ಸಾಲದು. ಸ್ಟೇಷನ್ ಹೊರಗಿನ ವಡಾಪಾವ್‌ನಲ್ಲಿ ಪಾವೂ ಮೈದಾವೇ, ದಿನಕ್ಕೆ ನಾಲ್ಕು ಕಟಿಂಗ್ ಚಹಾದ ಸಕ್ಕರೆ, ರಾತ್ರಿ ತಟ್ಟೆ ತುಂಬ ಅನ್ನ, ವಾರದ ಕೊನೆಯ ಗುಂಡು, ಇವೆಲ್ಲ ಏರಿಸುತ್ತವೆ. ಒಂದು ಹೊತ್ತು ಅನ್ನ ಅರ್ಧ ಮಾಡಿ ಮಟಕಿ ಉಸಳ್ (ಮೊಳಕೆ ಮಡಕೆಕಾಳಿನ ಪಲ್ಯ) ಜಾಸ್ತಿ ಹಾಕಿಕೊಳ್ಳಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕೆಲವೇ ವಾರಗಳಲ್ಲಿ ಅಂಕಿ ಕದಲುತ್ತದೆ. ಡಾಕ್ಟರು ಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ಇನ್ನೊಂದು, ಲಿಪೊಪ್ರೋಟೀನ್ ಎ, ಎಲ್‌ಡಿಎಲ್‌ನಂಥದೇ ಒಂದು ಕೊಬ್ಬಿನ ಕಣ. ಮಾಮೂಲಿ ಲಿಪಿಡ್ ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಬೇರೆಯಾಗಿ ಕೇಳಿ ಮಾಡಿಸಬೇಕು. ಜೀವಮಾನದಲ್ಲಿ ಒಮ್ಮೆ ಸಾಕು, ಏಕೆಂದರೆ ಅದು ಹುಟ್ಟಿನಿಂದಲೇ, ವಂಶದಿಂದ ಬಂದದ್ದು, ಪಥ್ಯಕ್ಕೆ ಬಗ್ಗುವುದಿಲ್ಲ. ಡೆಸಿಲೀಟರ್‌ಗೆ 50 ಮಿ.ಗ್ರಾಂ. ದಾಟಿದರೆ ಡಾಕ್ಟರು ಉಳಿದ ಅಂಕಿಗಳನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ಆಗ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಮಾಡಿಸಿ.