ಯುಗಾದಿ ಊಟಕ್ಕೆ ಬಗೆಬಗೆಯ ಪಥ್ಯದ ಅತಿಥಿಗಳು

ಯುಗಾದಿಯ ಊಟಕ್ಕೆ ಕರೆಯುವಾಗಲೇ ಯಾರಿಗೆ ಯಾವ ಪದಾರ್ಥ ಆಗದು, ಅದು ವ್ರತವೋ ಅಲರ್ಜಿಯೋ ಎಂಬುದನ್ನು ಕೇಳಿಟ್ಟುಕೊಳ್ಳಬೇಕು. ಏಕೆಂದರೆ ಕಡಲೆಕಾಯಿಯ ಅಲರ್ಜಿ ಇರುವವರಿಗೆ ಚಿತ್ರಾನ್ನದಿಂದ ಬೀಜಗಳನ್ನು ಆರಿಸಿ ತೆಗೆದು ಬಡಿಸಿದರೂ ಅಪಾಯ ತಪ್ಪುವುದಿಲ್ಲ. ಗೋಧಿ ಒಗ್ಗದವರ ವಿಷಯದಲ್ಲಿ ಹೋಳಿಗೆಯ ಕಣಕ ಎಲ್ಲರಿಗೂ ನೆನಪಾಗುತ್ತದೆ, ಆದರೆ ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುವುದು ಮರೆತುಹೋಗುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ವಿವರವನ್ನು ಓದಿ, ಅವರ ಪಾಲಿನ ಸಾರಿಗೆ ಜೀರಿಗೆ, ಕರಿಬೇವಿನ ಒಗ್ಗರಣೆಯನ್ನಷ್ಟೇ ಹಾಕಿ. ಜೈನ ಅತಿಥಿಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ಉಣ್ಣುವ ನಿಯಮದವರಿದ್ದರೆ, ಅವರನ್ನು ಒಂಟಿಯಾಗಿ ಕೂರಿಸುವುದಕ್ಕಿಂತ ಎಲ್ಲರ ಊಟವನ್ನೂ ಸಂಜೆ 5 ಗಂಟೆಗೇ ಇಟ್ಟುಕೊಳ್ಳುವುದು ಎಷ್ಟೋ ಮೇಲು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳು ಅವರ ಎಲೆಗೆ ಬೇಡ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಮಧುಮೇಹಿಗಳಿಗೆ ಪಾಯಸವನ್ನು ಒತ್ತಾಯಿಸದೆ ಕೋಸಂಬರಿಯನ್ನು ಧಾರಾಳವಾಗಿ ಬಡಿಸಿ. ತುಪ್ಪವನ್ನು ಕೇಳಿಯೇ ಹಾಕಿ.