ಪಟ್ಟೆ ಇದೆ, ಬಣ್ಣ ಇಲ್ಲ

"ಬೆನ್ನಾಗಿನ ನೀರು ತಗದ್ರ ಕಾಲಿನ ಶಕ್ತಿ ಹೊಕ್ಕೈತಂತಲ್ರೀ?" ಹಾವೇರಿ ಕಡೆಯ ಆ ತಾಯಿ ಕೇಳುವಾಗ ಮಗಳು ಆಗಲೇ ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಮಡಚಿ ಮಲಗಿದ್ದಳು. ಚುಚ್ಚುವವರು ಡಾಕ್ಟರು, ನಾನು ಟ್ಯೂಬ್ ಹಿಡಿದು ನಿಲ್ಲುವವನು. "ಬೆನ್ನುಹುರಿ ಮ್ಯಾಲೇ ಮುಗದಿರ್ತೈತ್ರೀ ಅವ್ವಾರ, ಸೂಜಿ ಅದರ ಕೆಳಗ" ಅಂದೆ.

ಹುಬ್ಬಳ್ಳಿಯ ನಮ್ಮ ಲ್ಯಾಬಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರಕ್ಷಣಾ ಕೋಶಗಳೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಕೆಡಿಸುವ ಕಾಯಿಲೆ) ರೋಗಿಗಳ ಬೆನ್ನುನೀರಿನಲ್ಲಿ ನಾನು ಅಳೆಯುತ್ತಿದ್ದದ್ದು ಸಿಎಕ್ಸ್‌ಸಿಎಲ್13 ಎಂಬ ಕೀಮೋಕೈನ್. ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು 'ಇತ್ತ ಬರ್ರಿ' ಎಂದು ಕರೆಯುವ ಅಣು ಅದು. ಏರಿದ ಮಾತ್ರಕ್ಕೆ ಇದೇ ಕಾಯಿಲೆ ಅನ್ನುವಂತಿಲ್ಲ, ಮಿದುಳಿಗೇರಿದ ಸಿಫಿಲಿಸ್‌ನಲ್ಲೂ ಏರುತ್ತದೆ. ಲೆಕ್ಕ ಪಿಕೋಗ್ರಾಂನಲ್ಲಿ, ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು. ಇಷ್ಟು ಸಣ್ಣದಕ್ಕೆ ಟ್ಯೂಬೂ ವೈರಿಯೇ: ಪಾಲಿಸ್ಟೈರೀನ್ ಗೋಡೆಗೆ ಪ್ರೋಟೀನು ಅಂಟುತ್ತದೆ ಅಂತ ಪಾಲಿಪ್ರೊಪಿಲೀನನ್ನೇ ಬಳಸುತ್ತೇನೆ. ರಕ್ತ ಬೆರೆತ ಮೊದಲ ಹನಿಗಳನ್ನು ಬೇರೆ ಇಡುತ್ತೇನೆ. ಗಂಟೆಯೊಳಗೆ ಸೆಂಟ್ರಿಫ್ಯೂಜ್, ತಡವಾದರೆ ಕೋಶಗಳು ಒಡೆದು ತಮ್ಮೊಳಗಿನದನ್ನೂ ನೀರಿಗೆ ಬಿಡುತ್ತವೆ. ಮೇಲಿನ ತಿಳಿ ಪುಟ್ಟ ಪುಟ್ಟ ಪಾಲಾಗಿ ಮೈನಸ್ 80 ಡಿಗ್ರಿಯ ಫ್ರೀಜರಿಗೆ.

ಬಣ್ಣದಿಂದ ಅಣುವಿನ ಪ್ರಮಾಣ ಅಳೆಯುವ ಎಲೈಜಾ ಪ್ಲೇಟಿನ 96 ಗುಳಿಗಳಲ್ಲಿ ಎರಡು ಆ ಹುಡುಗಿಯವು. ಅಣು ಇದ್ದಷ್ಟೂ ನೀಲಿ ಏರಬೇಕು, ಆಮ್ಲ ಬಿದ್ದಾಗ ಹಳದಿಯಾಗಬೇಕು. ಅಕ್ಕಪಕ್ಕದವು ಅರಿಶಿನ ಕಲಸಿದ ಹಾಗೆ. ಇವೆರಡು ಬರೀ ನೀರು. ಇನ್ನೊಂದು ಪಾಲು ಕರಗಿಸಿ ಮಾಡಿದೆ, ಅದೇ ಕಥೆ. ಆದರೆ ಅದೇ ಬೆನ್ನುನೀರಿನಲ್ಲಿ ಮಿದುಳು, ಬೆನ್ನುಹುರಿಯೊಳಗೇ ತಯಾರಾದ ಪ್ರತಿಕಾಯಗಳ ಗುರುತಾದ ಆಲಿಗೋಕ್ಲೋನಲ್ ಪಟ್ಟೆಗಳು ಗೆರೆ ಎಳೆದಂತೆ ನಿಂತಿದ್ದವು, ರಕ್ತದಲ್ಲಿ ಒಂದೂ ಇಲ್ಲ. ಈ ಕಾಯಿಲೆಯನ್ನು ಗುರುತಿಸುವ 2017ರ ಮೆಕ್‌ಡೊನಾಲ್ಡ್ ಮಾನದಂಡ ಲೆಕ್ಕಕ್ಕೆ ಹಿಡಿಯುವುದೂ ಆ ಪಟ್ಟೆಗಳನ್ನೇ, ನನ್ನ ಸಿಎಕ್ಸ್‌ಸಿಎಲ್13ನ್ನಲ್ಲ.

ಎರಡು ದಿನ ಕಿಟ್ ಮೇಲೆ, ಪಿಪೆಟ್ ಮೇಲೆ, ರಾತ್ರಿ ಹೋದ ಕರೆಂಟಿನ ಮೇಲೆ ಗುಮಾನಿ. ಕೊನೆಗೆ ವಾರ್ಡಿಗೇ ಹೋದೆ.

"ಇಲ್ಲಿಗೆ ಬರೂಕಿಂತ ಮೊದ್ಲ ಒಂದ್ ದವಾಖಾನ್ಯಾಗ ಮೂರ್ ದಿನಾ ಸಲಾಯಿನ್ ಹಚ್ಚಿದ್ರು ನೋಡ್ರಿ. ಮಂಜಾಗಿದ್ದ ಕಣ್ಣು ಛಲೋ ಆತು" ಎನ್ನುತ್ತ ತಾಯಿ ಕ್ಯಾರಿಬ್ಯಾಗಿನ ತಳದಿಂದ ಎಣ್ಣೆ ಹತ್ತಿದ ಚೀಟಿ ತೆಗೆದರು. ಮಿಥೈಲ್‌ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್, ದಿನಕ್ಕೆ 1 ಗ್ರಾಂ. ಅಲ್ಲಿಂದ ಬರೆದು ಕಳಿಸಿದ ಪತ್ರದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಸ್ಟೀರಾಯ್ಡ್ ಈ ಅಣುವನ್ನು ತಗ್ಗಿಸುತ್ತದೆ, ಪಟ್ಟೆಗಳನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ. ನಾನು ಬೈದದ್ದು ಪಿಪೆಟ್ಟಿಗೆ!

ಆ ಎರಡು ಗುಳಿಗಳ ಲೆಕ್ಕವನ್ನು ಬಿಸಾಕಲಿಲ್ಲ, 'ಸ್ಟೀರಾಯ್ಡ್ ನಂತರ' ಅಂತ ಬೇರೆ ಸಾಲಿಗೆ ಹಾಕಿದೆ. ರಿಜಿಸ್ಟರಿಗೆ ಒಂದು ಕಾಲಂ ಹೆಚ್ಚಾಗಿದೆ. ಅದನ್ನು ತುಂಬುವ ಮೊದಲು ಮನೆಯವರ ಕ್ಯಾರಿಬ್ಯಾಗು ಬಿಚ್ಚಿಸುತ್ತೇನೆ.