ಐವಿಎಫ್‌ಗೆ ಹೊರಟ ಗಂಡಂದಿರು ಮಾಡಬೇಕಾದ ಕೆಲಸ

ಐವಿಎಫ್ ಅಂದರೆ ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ, ಆದ ಭ್ರೂಣವನ್ನು ಗರ್ಭಕ್ಕೆ ಬಿಡುವ ಚಿಕಿತ್ಸೆ. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕಾದವರು ನೀವು. ನಮ್ಮ ದಾವಣಗೆರೆ ಕಡೆ ಮಗು ಆಗಲಿಲ್ಲವೆಂದರೆ ಹೆಂಡತಿಯನ್ನೇ ಊರೂರು ಅಲೆಸುತ್ತಾರೆ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಕೊಟ್ಟರಾಯಿತು. ಸಿಗರೇಟು, ಗುಟ್ಕಾ ಬಿಡುವುದಿದ್ದರೆ ಇವತ್ತೇ ಬಿಡಿ. ವೀರ್ಯಾಣು ತಯಾರಾಗಲು ಎರಡು-ಮೂರು ತಿಂಗಳು ಬೇಕು, ಚಿಕಿತ್ಸೆಗೆ ಒಂದು ವಾರ ಮುಂಚೆ ಬಿಟ್ಟರೆ ಹೆಚ್ಚು ಪ್ರಯೋಜನವಿಲ್ಲ.

ಆಸ್ಪತ್ರೆ ಆರಿಸುವಾಗ ಗೋಡೆ ಮೇಲಿನ ಮಕ್ಕಳ ಫೋಟೊ ನೋಡಿ ಮರುಳಾಗಬೇಡಿ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿ ಆಗಿದೆಯೇ ಕೇಳಿ. ಆ ಕಾಯ್ದೆ ಪ್ರಕಾರ ಹೆಂಡತಿಗೆ 50, ಗಂಡನಿಗೆ 55 ವರ್ಷ ಮೇಲ್ಮಿತಿ. ‘ಪ್ಯಾಕೇಜ್’ ಅಂದ ಕೂಡಲೇ ಪೆನ್ನು ತೆಗೆಯಿರಿ: ಅಂಡಾಣು ಬೆಳೆಸುವ ಇಂಜೆಕ್ಷನ್ ಸೇರಿದೆಯೇ? ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಬಿಡುವುದು)? ಅರಿವಳಿಕೆ? ಭ್ರೂಣ ಫ್ರೀಜ್ ಮಾಡಿದರೆ ವರ್ಷದ ಬಾಡಿಗೆ ಎಷ್ಟು? ಬಿಲ್ಲು ಉಬ್ಬುವುದು ಸಾಮಾನ್ಯವಾಗಿ ಇಂಜೆಕ್ಷನ್ನಿನಲ್ಲೇ. ಯಾರಿಗೆ ಎಷ್ಟು ಡೋಸ್ ಅನ್ನುವುದು ಎಎಂಎಚ್ (ಅಂಡಾಶಯದಲ್ಲಿ ಉಳಿದ ಅಂಡಾಣುಗಳ ಅಂದಾಜು ಕೊಡುವ ರಕ್ತಪರೀಕ್ಷೆ) ವರದಿ, ಸ್ಕ್ಯಾನು ನೋಡಿಯೇ ಗೊತ್ತಾಗೋದು. ಪಕ್ಕದ ಕುರ್ಚಿಯವರ ಬಿಲ್ಲಿಗೆ ನಿಮ್ಮದನ್ನು ಹೋಲಿಸಬೇಡಿ.

ಮುಟ್ಟಿನ ಎರಡನೇ ಅಥವಾ ಮೂರನೇ ದಿನದ ಸ್ಕ್ಯಾನ್ ಆದಮೇಲೆ ಇಂಜೆಕ್ಷನ್ ಶುರು. ಸುಮಾರು ಎಂಟರಿಂದ ಹನ್ನೆರಡು ದಿನ, ದಿನಾ ಅದೇ ಹೊತ್ತಿಗೆ. ಚುಚ್ಚುವುದನ್ನು ನರ್ಸ್ ಹತ್ತಿರ ನೀವೇ ಕಲಿಯಿರಿ: ಹೊಕ್ಕುಳಿನಿಂದ ದೂರ ಬಿಟ್ಟು ಹೊಟ್ಟೆಯ ಚರ್ಮ ಹಿಡಿದು, ಇವತ್ತು ಎಡಕ್ಕೆ, ನಾಳೆ ಬಲಕ್ಕೆ. ನನ್ನ ಕೈ ನಡುಗುತ್ತಿತ್ತು. ನನ್ನ ಹೆಂಡತಿ ಟೀವಿ ನೋಡುತ್ತಾ ‘ಬೇಗ ಮುಗಿಸ್ರೀ’ ಅನ್ನುತ್ತಿದ್ದಳು. ಫ್ರಿಜ್‌ನಲ್ಲಿಡಿ ಎಂದಿರುವ ಔಷಧಿಗೆ 2ರಿಂದ 8 ಡಿಗ್ರಿ ಬೇಕು, ಫ್ರೀಜರ್ ಬೇಡ. ಕರೆಂಟ್ ಹೋಗುವ ಊರಾದರೆ ಐಸ್ ಪ್ಯಾಕ್ ಹಾಕಿದ ಚೀಲ ಸಿದ್ಧವಿರಲಿ. ಔಷಧಿ ನೇರವಾಗಿ ಐಸಿಗೆ ತಾಗಬಾರದು.

ಇಡೀ ಚಿಕಿತ್ಸೆಯಲ್ಲಿ ಗಡಿಯಾರಕ್ಕೆ ಕಟ್ಟುಬೀಳುವುದು ಟ್ರಿಗರ್, ಅಂದರೆ ಅಂಡಾಣುಗಳನ್ನು ಕೊನೆಯದಾಗಿ ಬಲಿಸುವ ಇಂಜೆಕ್ಷನ್. ಅದಾದ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯುತ್ತಾರೆ, ಅದಕ್ಕೆ ಪಿಕಪ್ ಅನ್ನುತ್ತಾರೆ. ಬುಧವಾರ ಬೆಳಿಗ್ಗೆ 9ಕ್ಕೆ ಪಿಕಪ್ ಇದ್ದರೆ ಸೋಮವಾರ ರಾತ್ರಿ 10ರ ಸುಮಾರಿಗೆ ಟ್ರಿಗರ್. ಅವರು ಬರೆದುಕೊಟ್ಟ ಸಮಯವೇ ಸಮಯ. ಎರಡು ಫೋನಲ್ಲಿ ಅಲಾರಂ ಇಡಿ. ಹೊತ್ತು ತಪ್ಪಿತೆಂದರೆ ಮುಚ್ಚಿಡದೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.

ಪಿಕಪ್ ದಿನ ನಿಮ್ಮ ಸ್ಯಾಂಪಲ್ಲೂ ಬೇಕು. ಆ ಪುಟ್ಟ ಕೋಣೆಯಲ್ಲಿ, ಹೊರಗೆ ಯಾರೋ ಕಾಯುತ್ತಿರುವಾಗ, ಎಷ್ಟೋ ಗಂಡಸರಿಗೆ ಆಗುವುದೇ ಇಲ್ಲ. ಭಯವಿದ್ದರೆ ಮುಂಚೆಯೇ ಕೊಟ್ಟು ಫ್ರೀಜ್ ಮಾಡಿಸಿ. ಇದರಲ್ಲಿ ಮಾನ ಹೋಗುವಂಥದ್ದೇನಿಲ್ಲ. ಪಿಕಪ್ ಆದಮೇಲೆ ಹೆಂಡತಿಯ ಹೊಟ್ಟೆ ತೀರಾ ಉಬ್ಬರಿಸಿದರೆ, ಮೂತ್ರ ಕಡಿಮೆಯಾದರೆ, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅನ್ನಬೇಡಿ, ರಾತ್ರಿಯೇ ಹೊರಡಿ.

ಭ್ರೂಣವನ್ನು ಮೂರನೇ ಅಥವಾ ಐದನೇ ದಿನ ಗರ್ಭಕ್ಕೆ ಬಿಡುತ್ತಾರೆ. ಫ್ರೀಜ್ ಮಾಡಿ ಮುಂದೂಡುವುದೂ ಉಂಟು. ಭ್ರೂಣ ಬಿಟ್ಟ ಮೇಲೆ ಹಾಸಿಗೆ ಬಿಟ್ಟೇಳಬಾರದು ಎಂದು ಅತ್ತೆ, ಚಿಕ್ಕಮ್ಮ ಎಲ್ಲ ಹೇಳಿಯಾರು. ಮಲಗಿದ್ದರೆ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಅವಳು ಓಡಾಡಲಿ. ಗರ್ಭಕ್ಕೆ ಆಸರೆಯಾಗುವ ಹಾರ್ಮೋನ್ ಔಷಧಿ ಪ್ರೊಜೆಸ್ಟರಾನ್ ಮಾತ್ರ ಒಂದು ಹೊತ್ತೂ ತಪ್ಪಬಾರದು. ‘ಏನಾದ್ರೂ ವಿಶೇಷನಾ?’ ಅನ್ನುವ ಫೋನುಗಳನ್ನು ನೀವೇ ಎತ್ತಿ, ‘ಊಟ ಆಯ್ತಾ?’ ಅಂತ ಮಾತು ತಿರುಗಿಸಿ.

ಮನೆಯಲ್ಲಿ ಕಡ್ಡಿ ಪರೀಕ್ಷೆ ಬೇಡ. ಟ್ರಿಗರ್ ಎಚ್‌ಸಿಜಿ (ಕಡ್ಡಿ ಪತ್ತೆಹಚ್ಚುವ ಗರ್ಭದ ಹಾರ್ಮೋನ್) ಆಗಿದ್ದರೆ ಅದೇ ಔಷಧಿ ಸುಳ್ಳು ಗೆರೆ ತೋರಿಸಬಹುದು. ಭ್ರೂಣ ಬಿಟ್ಟ ಎರಡು ವಾರದ ಸುಮಾರಿಗೆ ಅದೇ ಹಾರ್ಮೋನ್ ಅಳೆಯಲು ಮಾಡುವ ಬೀಟಾ ರಕ್ತಪರೀಕ್ಷೆಯವರೆಗೆ ಕಾಯಿರಿ. ವರದಿಯನ್ನು ಯಾರು ಮೊದಲು ತೆರೆಯುವುದೆಂದು ಹಿಂದಿನ ದಿನವೇ ಮಾತಾಡಿಕೊಳ್ಳಿ. ನೆಗೆಟಿವ್ ಬಂದರೆ ಅವತ್ತೇ ಮುಂದಿನ ಸುತ್ತಿನ ಚಿಕಿತ್ಸೆಗೆ ದುಡ್ಡು ಕಟ್ಟಬೇಡಿ. ಎಷ್ಟು ಅಂಡಾಣು ಸಿಕ್ಕವು, ಎಷ್ಟು ಫಲಿತವಾದವು, ಭ್ರೂಣದ ಗ್ರೇಡ್ ಏನು ಎಂಬ ಲ್ಯಾಬ್ ವರದಿಯ ಪ್ರತಿ ಕೇಳಿ ಇಸಿದುಕೊಳ್ಳಿ. ಬೇರೆ ವೈದ್ಯರ ಹತ್ತಿರ ಹೋದರೂ ಅವರು ಕೇಳುವುದು ಅದನ್ನೇ.